ಒಂದೇ ತೋಟ, ಎರಡು ಮಣ್ಣಿನ ರಿಪೋರ್ಟು: ಯಾವುದನ್ನು ನಂಬಬೇಕು?

ಪ್ರಶ್ನೆ: ಮೇಡಂ, ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಎರಡೂವರೆ ಎಕರೆ ಅಡಿಕೆ ತೋಟ ಇದೆ. ಅದರಲ್ಲಿ ಮುಕ್ಕಾಲು ಎಕರೆ, ಒಂಬತ್ತು ವರ್ಷದ ಹಿಂದೆ ಗದ್ದೆಯನ್ನು ತೋಟ ಮಾಡಿದ್ದು. ಹಳೇ ತೋಟದ ಕೆಳಭಾಗದಲ್ಲಿ ಎರಡು ವರ್ಷದಿಂದ ಸೋಗೆ ಹಳದಿಯಾಗುತ್ತಿದೆ. ಕಳೆದ ಜುಲೈನಲ್ಲಿ ಮಣ್ಣು ಪರೀಕ್ಷೆ ಮಾಡಿಸಿದೆ. ಪಿಎಚ್ 4.9, ಸಾವಯವ ಇಂಗಾಲ ಶೇ 2.9, ರಂಜಕ 14, ಪೊಟ್ಯಾಷ್ 118 ಅಂತ ಬಂತು. ಪಿಎಚ್ ಕಡಿಮೆ, ಅಂದರೆ ಮಣ್ಣು ಹುಳಿ, ಅದಕ್ಕೆ ಸುಣ್ಣ ಹಾಕಿ ಎಂದು ಬರೆದಿದ್ದರು. ಜನವರಿಯಲ್ಲಿ ಮಗ ಇನ್ನೊಂದು ಲ್ಯಾಬಿಗೆ ಕೊಟ್ಟ. ಅಲ್ಲಿ ಪಿಎಚ್ 6.1, ಇಂಗಾಲ ಶೇ 1.4, ರಂಜಕ 32, ಪೊಟ್ಯಾಷ್ 410. ಸುಣ್ಣ ಬೇಡ ಎಂದಿದ್ದಾರೆ. ನಾನು ಆಗಲೇ ಹತ್ತು ಚೀಲ ಸುಣ್ಣ ತಂದಿಟ್ಟಿದ್ದೇನೆ. ಇಬ್ಬರಲ್ಲಿ ಯಾರ ಲೆಕ್ಕ ತಪ್ಪು?

ಉತ್ತರ: ನಮಸ್ಕಾರ. ನಿಮ್ಮ ಪತ್ರ ಬಂದ ಮೇಲೆ ಎರಡೂ ರಿಪೋರ್ಟಿನ ಫೋಟೋ ಕಳಿಸಿ, ಮಣ್ಣು ತೆಗೆದಿದ್ದು ಹೇಗೆ ಅಂತಲೂ ಬರೆಯಿರಿ ಎಂದು ಕೇಳಿದ್ದೆ. ನೀವು ಏನನ್ನೂ ಮುಚ್ಚಿಡದೆ ಬರೆದಿರಿ. ಅದು ತುಂಬಾ ಸಹಾಯವಾಯಿತು. ಜುಲೈನಲ್ಲಿ ನೀವು ಕೆಳಭಾಗದಲ್ಲಿ, ಕಪ್ಪಿನ (ಬಸಿಗಾಲುವೆಯ) ಪಕ್ಕದಲ್ಲೇ ಮೂರು ಕಡೆ ಗುದ್ದಲಿಯಿಂದ ಮೇಲಿನ ಮೂರು ನಾಲ್ಕು ಇಂಚು ಮಣ್ಣು ಕೆರೆದು ತುಂಬಿದ್ದೀರಿ. ಜನವರಿಯಲ್ಲಿ ಮಗ ಮನೆಯ ಹಿಂದಿನ ಐದು ಮರದ ಬುಡದಿಂದ ಮಣ್ಣು ತೆಗೆದಿದ್ದಾರೆ. ಒಣಗಿಸಿದ್ದು ಖಾಲಿ ಗೊಬ್ಬರದ ಚೀಲದ ಮೇಲೆ.

ನನ್ನ ಅಂದಾಜಿನಲ್ಲಿ ಎರಡು ಲ್ಯಾಬಿನವರೂ ತಪ್ಪು ಮಾಡಿಲ್ಲ. ಅವರ ಕೈಗೆ ಬಂದ ಮಣ್ಣಿನ ಲೆಕ್ಕವನ್ನು ಅವರು ಸರಿಯಾಗಿಯೇ ಕೊಟ್ಟಿದ್ದಾರೆ. ಆದರೆ ಆ ಎರಡರಲ್ಲಿ ಯಾವುದೂ ನಿಮ್ಮ ತೋಟದ ಮಣ್ಣಲ್ಲ. ಒಂದು ಕಪ್ಪಿನ ಅಂಚಿನ ಮಣ್ಣು, ಇನ್ನೊಂದು ಮನೆ ಹಿತ್ತಿಲಿನ ಮಣ್ಣು.

ಇದನ್ನು ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣ ಇದೆ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ನೀವು ಲ್ಯಾಬಿಗೆ ಕೊಡುವುದು ಅರ್ಧ ಕಿಲೋ. ಅದರಲ್ಲಿ ಇಂಗಾಲದ ಪರೀಕ್ಷೆಗೆ ತೂಗುವುದು ಅರ್ಧ ಗ್ರಾಮೋ ಒಂದು ಗ್ರಾಮೋ ಅಷ್ಟೇ. ಪಿಎಚ್ ನೋಡಲು ಸಾಮಾನ್ಯವಾಗಿ 10 ಗ್ರಾಂ ಮಣ್ಣಿಗೆ 25 ಮಿಲಿಲೀಟರ್ ನೀರು ಹಾಕುತ್ತಾರೆ. ಆ ಒಂದು ಚಮಚ ಮಣ್ಣು ಇಡೀ ತೋಟದ ಪರವಾಗಿ ಮಾತಾಡಬೇಕು. ತೆಗೆಯುವಾಗ ಎಡವಿದರೆ ಎಷ್ಟು ದುಬಾರಿ ಯಂತ್ರ ಇದ್ದರೂ ಅದನ್ನು ಸರಿ ಮಾಡುವುದಿಲ್ಲ. ಲ್ಯಾಬಿನಲ್ಲಿ ಕೆಲಸ ಮಾಡಿದ ಅಷ್ಟೂ ವರ್ಷ ನನ್ನನ್ನು ಕಾಡಿದ್ದು ಇದೇ. ಎಷ್ಟೋ ಸಲ ಪೊಟ್ಟಣ ಬಿಚ್ಚಿದಾಗ ಒಳಗೆ ದರಗು (ಒಣಗಿದ ಎಲೆ), ಬೇರು, ಒಮ್ಮೊಮ್ಮೆ ಯೂರಿಯಾದ ಬಿಳಿ ಕಾಳು ಕೂಡ ಇರುತ್ತಿತ್ತು. ರೈತರು ದೂರದಿಂದ ಬಸ್ಸಿನಲ್ಲಿ ತಂದ ಮಣ್ಣು ಅದು. ವಾಪಸ್ ಕಳಿಸಲು ಮನಸ್ಸು ಬರುತ್ತಿರಲಿಲ್ಲ, ಪರೀಕ್ಷೆ ಮಾಡಿದರೆ ಪ್ರಯೋಜನವೂ ಇರುತ್ತಿರಲಿಲ್ಲ.

ಈಗ ನಿಮ್ಮ ಅಂಕಿಗಳನ್ನು ಒಂದೊಂದಾಗಿ ನೋಡೋಣ.

ಮೊದಲು ರಂಜಕ. 14 ಮತ್ತು 32 ಎಂದರೆ ಎರಡು ಪಟ್ಟಿಗೂ ಜಾಸ್ತಿ ಅಂತ ನೀವು ಗಾಬರಿಯಾಗಿದ್ದೀರಿ. ಫೋಟೋ ದೊಡ್ಡದು ಮಾಡಿ ಅಂಕಿಯ ಪಕ್ಕ ನೋಡಿ. ಮೊದಲ ರಿಪೋರ್ಟಿನಲ್ಲಿ ಬರೀ 'ಪಿ' ಎಂದಿದೆ. ಎರಡನೆಯದರಲ್ಲಿ 'ಪಿ2ಒ5', ಅಂದರೆ ಆಮ್ಲಜನಕ ಸೇರಿದ ರಂಜಕ ಎಂದಿದೆ. ಶುದ್ಧ ರಂಜಕದ ಲೆಕ್ಕವನ್ನು 2.29ರಿಂದ ಗುಣಿಸಿದರೆ ಪಿ2ಒ5 ಲೆಕ್ಕ ಬರುತ್ತದೆ. 14ನ್ನು 2.29ರಿಂದ ಗುಣಿಸಿ. ಸರಿಯಾಗಿ 32! ಇಬ್ಬರೂ ಹೆಕ್ಟೇರಿಗೆ ಕಿಲೋ ಲೆಕ್ಕದಲ್ಲೇ ಕೊಟ್ಟಿದ್ದಾರೆ, ಇಬ್ಬರೂ ಬ್ರೇ ವಿಧಾನ ಎಂದೇ ಬರೆದಿದ್ದಾರೆ. ಅಂದರೆ ರಂಜಕದಲ್ಲಿ ವ್ಯತ್ಯಾಸವೇ ಇಲ್ಲ.

ವಿಧಾನದ ಹೆಸರನ್ನೂ ಯಾವಾಗಲೂ ನೋಡಿಕೊಳ್ಳಿ. ರಂಜಕ ಅಳೆಯಲು ನಮ್ಮಲ್ಲಿ ಎರಡು ವಿಧಾನ ಹೆಚ್ಚು ಬಳಕೆಯಲ್ಲಿವೆ. ಹುಳಿ ಮಣ್ಣಿಗೆ ಬ್ರೇ, ಸಮ ಅಥವಾ ಕ್ಷಾರ ಮಣ್ಣಿಗೆ ಓಲ್ಸೆನ್. ಮಲೆನಾಡಿನ ಮಣ್ಣು ಬಹುತೇಕ ಹುಳಿ, ಹಾಗಾಗಿ ಬ್ರೇ ಸರಿ. ಒಂದು ವರ್ಷ ಬ್ರೇ, ಮರುವರ್ಷ ಓಲ್ಸೆನ್ ಮಾಡಿಸಿ ರಂಜಕ ಏರಿತು, ಇಳಿಯಿತು ಎಂದು ಹೋಲಿಸಬಾರದು. ಕೊಳಗದಲ್ಲಿ ಅಳೆದಿದ್ದನ್ನು ಕಿಲೋದಲ್ಲಿ ತೂಗಿದ್ದರ ಜೊತೆ ಹೋಲಿಸಿದ ಹಾಗೆ ಆಗುತ್ತದೆ.

ಪೊಟ್ಯಾಷ್ ವಿಷಯ ಬೇರೆ. ಮೊದಲನೆಯದು 'ಕೆ', ಎರಡನೆಯದು 'ಕೆ2ಒ'. ಇಲ್ಲಿ ಗುಣಿಸಬೇಕಾದದ್ದು 1.2. ಎರಡನೆಯದನ್ನು 'ಕೆ'ಗೆ ಇಳಿಸಿದರೆ ಸುಮಾರು 340 ಆಗುತ್ತದೆ. 118 ಎಲ್ಲಿ, 340 ಎಲ್ಲಿ? ಇದು ನಿಜವಾದ ವ್ಯತ್ಯಾಸ. ಪಿಎಚ್ ಕೂಡ ಹಾಗೆಯೇ. 4.9 ಮತ್ತು 6.1 ನೋಡಲು ಹತ್ತಿರದ ಅಂಕಿಗಳು. ಆದರೆ ಪಿಎಚ್‌ನಲ್ಲಿ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. 1.2ರ ಅಂತರ ಎಂದರೆ ಸುಮಾರು 16 ಪಟ್ಟು.

ಪಿಎಚ್ ಮತ್ತು ಪೊಟ್ಯಾಷ್ ಎರಡೂ ಒಟ್ಟಿಗೆ ಏರಿದ್ದು ನೋಡಿದಾಗಲೇ ನನಗೆ ನೆನಪಾಗಿದ್ದು ಬಚ್ಚಲ ಒಲೆ. ಮನೆ ಹಿಂದಿನ ಮರಗಳ ಬುಡಕ್ಕೆ ಬೂದಿ ಹಾಕುತ್ತೀರಾ ಅಂತ ಕೇಳಿದೆ. "ಅಜ್ಜಿ ಕಾಲದಿಂದಲೂ ಹಾಕ್ತೀವಿ" ಎಂದಿರಿ. ಕಟ್ಟಿಗೆ ಬೂದಿಯಲ್ಲಿ ಪೊಟ್ಯಾಷ್ ಇದೆ, ಸುಣ್ಣದ ಅಂಶವೂ ಇದೆ. ದಿನಾ ಒಂದೊಂದು ಬುಟ್ಟಿ, ವರ್ಷಗಟ್ಟಲೆ ಅದೇ ಐದಾರು ಮರಕ್ಕೆ! ಅಲ್ಲಿನ ಮಣ್ಣು ಪಿಎಚ್ 6.1 ತೋರಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ಅದರ ಮೇಲೆ ಗೊಬ್ಬರದ ಚೀಲದಲ್ಲಿ ಒಣಗಿಸಿದ್ದೀರಿ. ಚೀಲದ ನೇಯ್ಗೆಯಲ್ಲಿ ಉಳಿದ ಪುಡಿ ಸೇರಿಕೊಂಡರೂ ಅಂಕಿ ಏರುತ್ತದೆ. ಆ ಐದು ಮರದ ಲೆಕ್ಕ ನೋಡಿ ಎರಡೂವರೆ ಎಕರೆಗೆ ಪೊಟ್ಯಾಷ್ ನಿಲ್ಲಿಸಿದ್ದರೆ ಫಸಲಿಗೆ ಪೆಟ್ಟು ಬೀಳುತ್ತಿತ್ತು.

ಮೊದಲ ರಿಪೋರ್ಟಿನ ಇಂಗಾಲ 2.9 ಕೂಡ ಹೀಗೆಯೇ. ನಮ್ಮ ತೋಟಗಳಲ್ಲಿ ಇಂಗಾಲ ಜಾಸ್ತಿ ಇರುವುದು ಸಹಜ. ಬೆಟ್ಟದ ಸೊಪ್ಪು, ದರಗು, ಕೊಟ್ಟಿಗೆ ಗೊಬ್ಬರ ತಲೆಮಾರುಗಳಿಂದ ಬಿದ್ದಿದೆ. ಶೇ 0.75ಕ್ಕಿಂತ ಹೆಚ್ಚಿದ್ದರೆ 'ಅಧಿಕ' ಎನ್ನುತ್ತಾರೆ. ಹಾಗೆ ನೋಡಿದರೆ ನಿಮ್ಮ ಎರಡೂ ಅಂಕಿ ಅಧಿಕವೇ. ಆದರೆ ಮೇಲಿನ ಮೂರು ಇಂಚು ಮಾತ್ರ ಕೆರೆದರೆ ಅರ್ಧ ಕೊಳೆತ ಸೊಪ್ಪು ಸೇರಿಯೇ ಸೇರುತ್ತದೆ. ಅಡಿಕೆಯ ಬೇರು ಉಣ್ಣುವುದು ಅಷ್ಟು ಮೇಲಿನಿಂದ ಮಾತ್ರ ಅಲ್ಲವಲ್ಲ.

ಹಾಗಾದರೆ ಮಣ್ಣು ತೆಗೆಯುವುದು ಹೇಗೆ? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೆಲಸದ ಮುಕ್ಕಾಲು ಪಾಲು ಇಲ್ಲೇ ಇದೆ.

ಗುದ್ದಲಿ ಹಿಡಿಯುವ ಮೊದಲು ಒಮ್ಮೆ ಸುಮ್ನೆ ತೋಟ ಸುತ್ತಿ. ಒಂದೇ ಥರದ ಜಾಗಗಳನ್ನು ಬೇರೆ ಬೇರೆ ಮಾಡಿಕೊಳ್ಳಿ. ನಿಮ್ಮ ತೋಟದಲ್ಲಿ ನನಗೆ ಕಾಣುವುದು ಮೂರು ತುಂಡು: ಗುಡ್ಡದ ಕಡೆಯ ಹಳೇ ತೋಟ, ಹಳದಿಯಾಗುತ್ತಿರುವ ಕೆಳಭಾಗ, ಗದ್ದೆಯಿಂದ ಮಾಡಿದ ಹೊಸ ತೋಟ. ಗದ್ದೆಯ ಮಣ್ಣು ಎಷ್ಟೋ ವರ್ಷ ನೀರು ನಿಂತು, ಉತ್ತು, ಕೆಸರು ಮಾಡಿದ್ದು. ಅದರ ಸ್ವಭಾವವೇ ಬೇರೆ, ಹಳೇ ತೋಟದ ಜೊತೆ ಕಲಸಬಾರದು. ಹಳದಿ ಮತ್ತು ಹಸಿರು ಮರಗಳ ಮಣ್ಣನ್ನೂ ಕಲಸಬಾರದು. ಕಲಸಿದರೆ ಎರಡರ ಸರಾಸರಿ ಬರುತ್ತದೆ, ಆ ಸರಾಸರಿ ಮಣ್ಣು ನಿಮ್ಮ ತೋಟದ ಯಾವ ಮೂಲೆಯಲ್ಲೂ ಇರುವುದಿಲ್ಲ. ಇನ್ನೊಂದು ಮಾತು. ಈಚೆಗೆ ಎಲ್ಲಾದರೂ ಗೋಡು ಮಣ್ಣು ಹೊಡೆಸಿದ್ದರೆ ಅದನ್ನು ನಾಲ್ಕನೇ ತುಂಡು ಅಂತ ಇಟ್ಟುಕೊಳ್ಳಿ. ಗುಡ್ಡದಿಂದ ತಂದ ಕೆಂಪು ಮಣ್ಣು ಮೇಲೆ ಕೂತಿರುತ್ತದೆ, ಹಳೇ ಮಣ್ಣು ಅದರ ಕೆಳಗೆ ಹೋಗಿರುತ್ತದೆ. ಮೇಲಿನದ್ದನ್ನಷ್ಟೇ ತೆಗೆದರೆ ಗುಡ್ಡದ ಪರೀಕ್ಷೆ ಮಾಡಿಸಿದ ಹಾಗೆ.

ಪ್ರತಿ ತುಂಡಿನಲ್ಲೂ ಹಾವು ಹರಿದ ಹಾಗೆ ಅಂಕುಡೊಂಕಾಗಿ ನಡೆಯುತ್ತಾ ಹದಿನೈದರಿಂದ ಇಪ್ಪತ್ತು ಕಡೆ ಗುಂಡಿ ತೆಗೆಯಿರಿ. ಮೂರು ನಾಲ್ಕು ಸಾಲದು. ಕಪ್ಪಿನ ಅಂಚು, ಬೇಲಿ ಪಕ್ಕ, ಗೊಬ್ಬರದ ಗುಂಡಿ ಹತ್ತಿರ, ಓಡಾಡುವ ದಾರಿ, ಬೂದಿ ಬಿದ್ದ ಜಾಗ, ಇವನ್ನೆಲ್ಲ ಬಿಡಿ. ಚೆನ್ನಾಗಿರುವ ಮರವನ್ನೇ ಹುಡುಕಿಕೊಂಡು ಹೋಗಬೇಡಿ, ಕೆಟ್ಟ ಮರವನ್ನೇ ಹುಡುಕಿಕೊಂಡೂ ಹೋಗಬೇಡಿ. ಹೆಜ್ಜೆ ಎಣಿಸಿ, ಕಾಲು ನಿಂತಲ್ಲಿ ಹತ್ತಿರದ ಮರ ಹಿಡಿಯಿರಿ. ಬುಡದಿಂದ ಎರಡೂವರೆ ಅಡಿ ದೂರ ಇರಲಿ. ಗೊಬ್ಬರ ಹಾಕುವುದು, ಬೇರು ಜಾಸ್ತಿ ಇರುವುದು ಆ ಸುತ್ತಿನಲ್ಲೇ. ಪ್ರತಿ ಮರದಲ್ಲೂ ಅದೇ ದೂರ, ಪ್ರತಿ ವರ್ಷವೂ ಅದೇ ದೂರ.

ಮೇಲಿನ ದರಗು, ಸೋಗೆ, ಹಾಳೆ ಎಲ್ಲ ಸರಿಸಿ. ಮಣ್ಣು ಕೆರೆಯಬೇಡಿ, ಕಸ ಮಾತ್ರ ಸರಿಸಿ. ಆಮೇಲೆ ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಗುಂಡಿ. ಒಂದು ಅಡಿ ಆಳ ಬರಲಿ. ಗುಂಡಿಯಿಂದ ಬಂದ ಮಣ್ಣನ್ನು ಪಕ್ಕಕ್ಕೆ ಹಾಕಿ, ಅದು ನಮಗೆ ಬೇಡ. ಗುಂಡಿಯ ಒಂದು ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಇಂಚು ದಪ್ಪದ ಹೋಳು ಕೊಯ್ಯಿರಿ, ಬೆಣ್ಣೆ ಕೊಯ್ದ ಹಾಗೆ. ಹೋಳಿನ ದಪ್ಪ ಮೇಲೆ ಕೆಳಗೆ ಒಂದೇ ಇರಬೇಕು. ಸುಮ್ಮನೆ ಗುದ್ದಲಿಯಲ್ಲಿ ಎತ್ತಿದರೆ ಮೇಲಿನ ಮಣ್ಣು ಜಾಸ್ತಿ, ಕೆಳಗಿನದು ಕಡಿಮೆ ಬರುತ್ತದೆ. ಸಾರ ಇರುವುದು ಮೇಲೆ, ಹಾಗಾಗಿ ಅಂಕಿಯೂ ಸುಳ್ಳೇ ಏರುತ್ತದೆ. ಅದಕ್ಕೇ ಈ ಹೋಳಿನ ಉಪಾಯ.

ಅಡಿಕೆಗೆ ಎರಡನೇ ಅಡಿಯ ಮಣ್ಣನ್ನೂ ನೋಡುವುದು ಒಳ್ಳೆಯದು. ಅದೇ ಗುಂಡಿಯಲ್ಲಿ ಒಂದರಿಂದ ಎರಡು ಅಡಿ ಆಳದ ಹೋಳು ತೆಗೆದು ಬೇರೆ ಬಕೆಟ್ಟಿಗೆ ಹಾಕಿ. ನಮ್ಮ ಕಡೆ ಜಂಬಿಟ್ಟಿಗೆ (ಗಟ್ಟಿ ಕೆಂಪು ಕಲ್ಲು) ಸಿಕ್ಕಿಬಿಟ್ಟರೆ ಹಾರೆ ಬೇಕಾಗಬಹುದು. ಕಷ್ಟದ ಕೆಲಸ, ಒಪ್ಪುತ್ತೇನೆ. ಕನಿಷ್ಠ ಹಳದಿಯಾದ ತುಂಡಿನಲ್ಲಾದರೂ ಮಾಡಿ. ಬಕೆಟ್ಟು ಪ್ಲಾಸ್ಟಿಕ್ಕಿನದೇ ಆಗಲಿ. ಸತು ಲೇಪನದ ಕಬ್ಬಿಣದ ಬಕೆಟ್ಟಿನಲ್ಲಿ ಹಾಕಿದರೆ ಮಣ್ಣಿನ ಸತುವಿನ ಲೆಕ್ಕ ಕೆಡುತ್ತದೆ. ಲಘು ಪೋಷಕಾಂಶಗಳನ್ನು ಅಳೆಯುವುದು ಹತ್ತು ಲಕ್ಷದಲ್ಲಿ ಒಂದು ಭಾಗದ ಲೆಕ್ಕದಲ್ಲಿ. ಸತು 0.6ಕ್ಕಿಂತ ಕಡಿಮೆ ಇದ್ದರೆ ಕೊರತೆ ಎನ್ನುತ್ತಾರೆ. ಅಷ್ಟು ಸೂಕ್ಷ್ಮ ಅದು.

ಒಂದು ತುಂಡಿನ ಅಷ್ಟೂ ಹೋಳುಗಳನ್ನು ಸ್ವಚ್ಛ ಪ್ಲಾಸ್ಟಿಕ್ ಹಾಳೆಯ ಮೇಲೆ ಸುರಿದು, ಹೆಂಟೆ ಒಡೆದು, ಚೆನ್ನಾಗಿ ಕಲಸಿ. ರೊಟ್ಟಿಯ ಹಾಗೆ ದುಂಡಗೆ ಹರಡಿ. ಬೆರಳಿನಿಂದ ಅಡ್ಡ ಉದ್ದ ಗೆರೆ ಎಳೆದು ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದೆರಡನ್ನು ತೆಗೆದುಬಿಡಿ. ಮತ್ತೆ ಕಲಸಿ, ಮತ್ತೆ ಪಾಲು. ಅರ್ಧ ಕಿಲೋ ಉಳಿಯುವವರೆಗೂ ಹೀಗೇ. ರಾಶಿಯ ತುದಿಯಿಂದ ಒಂದು ಹಿಡಿ ತೆಗೆದುಕೊಂಡರೆ ಆಗದೇ ಅಂತ ಎಷ್ಟೋ ಜನ ಕೇಳುತ್ತಾರೆ. ಆಗುವುದಿಲ್ಲ. ರಾಶಿಯಲ್ಲಿ ದಪ್ಪ ಹರಳು ಉರುಳಿ ಅಂಚಿಗೆ ಹೋಗುತ್ತವೆ, ನಯ ಮಣ್ಣು ನಡುವೆ ನಿಲ್ಲುತ್ತದೆ.

ಒಣಗಿಸುವುದು ನೆರಳಿನಲ್ಲಿ. ಜಗುಲಿಯ ಮೇಲೆ ಹಳೇ ಪೇಪರ್ ಹಾಸಿ ಹರಡಿದರೆ ಸಾಕು. ಸೆಗಣಿ ಸಾರಿಸಿದ ಅಂಗಳದಲ್ಲಿ ಬೇಡ, ಅಡಿಕೆ ಒಲೆಯ ಅಟ್ಟದ ಮೇಲೂ ಬೇಡ. ಬಿಸಿಗೆ ಮಣ್ಣಿನ ಗುಣ ಬದಲಾಗುತ್ತದೆ. ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆದು ಸಣ್ಣ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಇಡಿ. ಹಸಿ ಮಣ್ಣಿನೊಳಗೆ ಬರೀ ಕಾಗದ ಇಟ್ಟರೆ ಎರಡು ದಿನದಲ್ಲಿ ಶಾಯಿ ಹರಡಿ ಅಕ್ಷರ ಹೋಗುತ್ತದೆ. ನಾನು ಕೆಲಸ ಶುರು ಮಾಡಿದ ವರ್ಷ ಹೀಗೆ ಅಳಿಸಿಹೋದ ಆರು ಚೀಟಿಗಳ ಮಣ್ಣನ್ನು ಹಾಗೇ ಚೆಲ್ಲಬೇಕಾಯಿತು. ಆರು ಮನೆಯವರ ಶ್ರಮ ಅದು. ಇವತ್ತಿಗೂ ನೆನಪಾಗುತ್ತದೆ. ಚೀಟಿಯಲ್ಲಿ ತುಂಡಿನ ಹೆಸರು, ಆಳ, ದಿನಾಂಕ, ಕೊನೆಯ ಸಲ ಯಾವ ಗೊಬ್ಬರ ಯಾವಾಗ ಹಾಕಿದಿರಿ, ಇಷ್ಟು ಇರಲಿ.

ಸಮಯ? ಗೊಬ್ಬರ ಅಥವಾ ಸುಣ್ಣ ಹಾಕಿ ಕನಿಷ್ಠ ಎರಡು ಮೂರು ತಿಂಗಳಾದರೂ ಕಳೆದಿರಬೇಕು. ನೀವು ಕೊನೆಯ ಸಲ ಗೊಬ್ಬರ ಹಾಕಿದ್ದು ಅಕ್ಟೋಬರಿನಲ್ಲಿ. ಏಪ್ರಿಲ್ ಸರಿಯಾದ ತಿಂಗಳು. ಮಳೆಗಾಲದ ನಡುವೆ ತೆಗೆಯಬೇಡಿ. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಿಮ್ಮಲ್ಲಿ ಅಷ್ಟಿರದಿದ್ದರೂ ಜುಲೈನಲ್ಲಿ ಮಣ್ಣು ನೀರು ಕುಡಿದು ನಿಂತಿರುತ್ತದೆ. ಕರಗುವ ಸಾರ ಅಷ್ಟೂ ಕೆಳಗೆ ಇಳಿಯುತ್ತಿರುತ್ತದೆ. ಆ ಹೊತ್ತಿನ ಅಂಕಿಯನ್ನು ಜನವರಿಯ ಅಂಕಿಯ ಪಕ್ಕ ಇಡುವುದು ಸರಿಯಲ್ಲ.

ಇನ್ನೊಂದು ವಿಷಯ ರಿಪೋರ್ಟಿನಲ್ಲಿ ಯಾರೂ ಬರೆಯುವುದಿಲ್ಲ, ಮಲೆನಾಡಿನವರಿಗೆ ಇದು ಬಹಳ ಮುಖ್ಯ. ಲ್ಯಾಬಿನಲ್ಲಿ ಮಣ್ಣನ್ನು 2 ಮಿಲಿಮೀಟರ್ ಜರಡಿ ಹಿಡಿದು, ಕೆಳಗೆ ಬಿದ್ದ ನಯ ಮಣ್ಣನ್ನು ಮಾತ್ರ ಪರೀಕ್ಷೆ ಮಾಡುತ್ತಾರೆ. ಆಮೇಲೆ ಹೆಕ್ಟೇರಿಗೆ ಇಷ್ಟು ಕಿಲೋ ಎಂದು ಬರೆಯುವಾಗ 15 ಸೆಂಟಿಮೀಟರ್ ಆಳದಲ್ಲಿ 22.4 ಲಕ್ಷ ಕಿಲೋ ಮಣ್ಣಿದೆ ಎಂದು ಹಿಡಿದು ಗುಣಿಸುತ್ತಾರೆ. ನಿಮ್ಮ ಗುಡ್ಡದ ಕಡೆಯ ಮಣ್ಣಿನಲ್ಲಿ ಜಂಬಿಟ್ಟಿಗೆ ಹರಳು ತುಂಬಾ ಇದೆ ಎಂದಿರಿ. ತೂಕದಲ್ಲಿ ಹತ್ತಕ್ಕೆ ನಾಲ್ಕು ಪಾಲು ಹರಳೇ ಆಗಿದ್ದರೆ, ರಿಪೋರ್ಟಿನ ಅಂಕಿಯಲ್ಲಿ ಸುಮಾರು ಆರು ಪಾಲು ಮಾತ್ರ ನಿಜವಾಗಿ ಮರಕ್ಕೆ ಸಿಗುವುದು. ಕಳಿಸುವ ಮೊದಲು ಒಂದು ಕಿಲೋ ಒಣ ಮಣ್ಣು ತೂಗಿ, ಜರಡಿ ಹಿಡಿದು, ಉಳಿದ ಹರಳನ್ನು ತೂಗಿ ಬರೆದಿಟ್ಟುಕೊಳ್ಳಿ. ಐದು ನಿಮಿಷದ ಕೆಲಸ. ರಿಪೋರ್ಟು ಬಂದಾಗ ಬಳಕೆಗೆ ಬರುತ್ತದೆ.

ಲ್ಯಾಬಿನ ಮೇಲೆ ನಿಮಗಿನ್ನೂ ಅನುಮಾನ ಇದ್ದರೆ ಅದನ್ನೂ ಪರೀಕ್ಷಿಸಬಹುದು. ಕಲಸಿ ಪಾಲು ಮಾಡಿದ ಒಂದೇ ಮಣ್ಣನ್ನು ಎರಡು ಪೊಟ್ಟಣ ಮಾಡಿ ಬೇರೆ ಬೇರೆ ಹೆಸರು ಬರೆದು ಒಂದೇ ಲ್ಯಾಬಿಗೆ ಕೊಡಿ. ಪಿಎಚ್ 0.1, 0.2ರ ಅಂತರದಲ್ಲಿ ಬಂದರೆ ಅವರ ಕೆಲಸ ಗಟ್ಟಿ. ಇದು ಮೋಸ ಅಲ್ಲ. ಒಳ್ಳೆಯ ಲ್ಯಾಬುಗಳೇ ತಮ್ಮ ಕೆಲಸ ನೋಡಿಕೊಳ್ಳಲು ಹೀಗೆ ಮಾಡುತ್ತವೆ. ಆಮೇಲೆ ಲ್ಯಾಬು ಬದಲಿಸಬೇಡಿ.

ನಿಮ್ಮ ಹತ್ತಿರ ಸರ್ಕಾರದ ಮಣ್ಣು ಆರೋಗ್ಯ ಕಾರ್ಡೂ ಇದೆ ಎಂದಿರಿ. ಒಳ್ಳೆಯದು, ಆದರೆ ಅದರ ಮಿತಿ ಗೊತ್ತಿರಲಿ. 2015ರಲ್ಲಿ ಆ ಯೋಜನೆ ಶುರುವಾದಾಗ ನೀರಾವರಿ ಜಮೀನಿನಲ್ಲಿ 2.5 ಹೆಕ್ಟೇರಿಗೆ ಒಂದು, ಮಳೆಯಾಶ್ರಿತದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ಎಂಬ ಲೆಕ್ಕ ಇತ್ತು. ಬಯಲುಸೀಮೆಯಲ್ಲಿ ಅದು ನಡೆಯಬಹುದು. ನಮ್ಮಲ್ಲಿ 10 ಹೆಕ್ಟೇರ್ ಎಂದರೆ ಒಂದು ಗುಡ್ಡ, ಒಂದು ಹಳ್ಳ, ಮೂರು ಮನೆಯ ತೋಟ, ನಡುವೆ ಗದ್ದೆ. ನಿಮ್ಮ ಕಾರ್ಡಿನ ಮಣ್ಣು ಪಕ್ಕದ ಮನೆಯವರದ್ದೂ ಆಗಿರಬಹುದು.

ಈಗ ಸುಣ್ಣ. ಹೊಸ ರಿಪೋರ್ಟು ಬರುವವರೆಗೆ ಚೀಲ ಬಿಚ್ಚಬೇಡಿ. ಮಣ್ಣು ಕೊಡುವಾಗ "ಸುಣ್ಣದ ಅಗತ್ಯ ಎಷ್ಟು" ಅಂತ ಬಫರ್ ಪರೀಕ್ಷೆಯನ್ನೂ ಕೇಳಿ. ಬರೀ ಪಿಎಚ್ ನೋಡಿ ಸುಣ್ಣದ ಪ್ರಮಾಣ ಹೇಳಲು ಬರುವುದಿಲ್ಲ. ಪಿಎಚ್ ಈಗ ಎಷ್ಟು ಹುಳಿ ಇದೆ ಎಂದು ಹೇಳುತ್ತದೆ. ಬಫರ್ ಪರೀಕ್ಷೆ ಮಣ್ಣು ಎಷ್ಟು ಹುಳಿಯನ್ನು ಒಳಗೆ ಬಚ್ಚಿಟ್ಟುಕೊಂಡಿದೆ ಎಂದು ಹೇಳುತ್ತದೆ. ಜೇಡಿ ಮತ್ತು ಇಂಗಾಲ ಜಾಸ್ತಿ ಇರುವ ಮಣ್ಣಿಗೆ ಅದೇ ಪಿಎಚ್ ಇದ್ದರೂ ಹೆಚ್ಚು ಸುಣ್ಣ ಬೇಕಾಗುತ್ತದೆ. ಬೂದಿ ಬಿದ್ದ ಆ ಐದು ಮರಕ್ಕಂತೂ ಹಾಕಲೇಬೇಡಿ. ಸುಣ್ಣ ಅತಿಯಾದರೆ ಸತು, ಬೋರಾನ್ ಮಣ್ಣಿನಲ್ಲಿದ್ದರೂ ಮರಕ್ಕೆ ಸಿಗುವುದಿಲ್ಲ. ಹಾಕಬೇಕು ಅಂತ ಬಂದರೆ ಗೊಬ್ಬರಕ್ಕೂ ಸುಣ್ಣಕ್ಕೂ ನಡುವೆ ಎರಡು ಮೂರು ವಾರ ಬಿಡಿ.

ಗೊಬ್ಬರದ ವಿಷಯದಲ್ಲಿ ಅಲ್ಲಿಯವರೆಗೆ ಸಾಮಾನ್ಯ ಶಿಫಾರಸನ್ನೇ ಹಿಡಿಯಿರಿ. ಫಲ ಕೊಡುವ ಮರಕ್ಕೆ ವರ್ಷಕ್ಕೆ ಸಾರಜನಕ 100 ಗ್ರಾಂ, ರಂಜಕ 40 ಗ್ರಾಂ, ಪೊಟ್ಯಾಷ್ 140 ಗ್ರಾಂ, ಜೊತೆಗೆ ಸೊಪ್ಪು ಮತ್ತು ಕೊಟ್ಟಿಗೆ ಗೊಬ್ಬರ ತಲಾ 12 ಕಿಲೋದಂತೆ. ಅಂಗಡಿಯಲ್ಲಿ ಸಿಗುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರದ ಲೆಕ್ಕದಲ್ಲಿ ಆ 140 ಗ್ರಾಂ ಎಂದರೆ ಸುಮಾರು 233 ಗ್ರಾಂ. ಎರಡು ಕಂತಿನಲ್ಲಿ ಕೊಡಿ. ಹೊಸ ರಿಪೋರ್ಟು ಬಂದ ಮೇಲೆ ತುಂಡು ತುಂಡಿಗೆ ಹೆಚ್ಚು ಕಡಿಮೆ ಮಾಡೋಣ.

ಹಳೇ ತೋಟದ ರಿಪೋರ್ಟಿನಲ್ಲಿ ತಾಮ್ರ ಕಡಿಮೆ ಎಂದೇನಾದರೂ ಬಂದರೆ ನನಗೆ ತಿಳಿಸಿ. ಇಷ್ಟು ವರ್ಷ ಕೊಳೆ ರೋಗಕ್ಕೆ ಬೋರ್ಡೋ (ತಾಮ್ರ ಇರುವ ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ತೋಟದಲ್ಲಿ ತಾಮ್ರ ಕಡಿಮೆ ಆಗುವುದು ಕಷ್ಟ. ಅಂಥ ಅಂಕಿ ಬಂದರೆ ಪೊಟ್ಟಣ ಅದಲುಬದಲು ಆಗಿರಬಹುದು.

ಕೊನೆಗೆ ಹಳದಿ ಸೋಗೆ. ಮಣ್ಣಿನ ಪರೀಕ್ಷೆ ಇದಕ್ಕೆ ಅರ್ಧ ಉತ್ತರ ಮಾತ್ರ ಕೊಡುತ್ತದೆ. ಶೃಂಗೇರಿ, ಕೊಪ್ಪ ಕಡೆ ಜನರನ್ನು ಕಂಗೆಡಿಸಿದ ಹಳದಿ ಎಲೆ ರೋಗ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವುದು. ಮಣ್ಣು ಎಷ್ಟು ಪರೀಕ್ಷಿಸಿದರೂ ಅದು ಕಾಣುವುದಿಲ್ಲ. ಆ ರೋಗದಲ್ಲಿ ಹೊರಸುತ್ತಿನ ಸೋಗೆಯ ಗರಿಗಳ ತುದಿಯಿಂದ ಹಳದಿ ಶುರುವಾಗುತ್ತದೆ, ಕಾಯಿ ಒಡೆದರೆ ಒಳಗಿನ ತಿರುಳು ಕಪ್ಪಾಗಿರುತ್ತದೆ. ನೀವು ಕಾಯಿ ಚೆನ್ನಾಗಿದೆ ಎಂದಿರಿ, ಹಳದಿ ಬರೀ ಕೆಳಭಾಗದಲ್ಲಿ ಮಾತ್ರ ಎಂದಿರಿ. ನನಗೆ ನೀರು ನಿಲ್ಲುವ ಅನುಮಾನ ಜಾಸ್ತಿ. ಬೇರಿಗೆ ಉಸಿರಾಡಲು ಜಾಗ ಇಲ್ಲದಿದ್ದರೆ ಸಾರ ಇದ್ದರೂ ಮರ ಹೀರುವುದಿಲ್ಲ. ನೀವು ಮಣ್ಣು ತೆಗೆದ ಆ ಕಪ್ಪಿನಲ್ಲಿ ಎಷ್ಟು ಹೂಳು ತುಂಬಿದೆ ಎಂದು ಕೋಲು ಇಳಿಸಿ ಅಳೆಯಿರಿ. ಬಸಿಗಾಲುವೆಯ ತಳ ಬೇರಿನ ಮಟ್ಟಕ್ಕಿಂತ ಚೆನ್ನಾಗಿ ಕೆಳಗಿರಬೇಕು. ಕಪ್ಪಿನ ಆಳ ಒಂದು ಅಡಿಯೂ ಇಲ್ಲದಿದ್ದರೆ ಮಳೆ ಹಿಡಿಯುವ ಮೊದಲು ಹೂಳು ತೆಗೆಸಿಬಿಡಿ. ಅದಕ್ಕೆ ಯಾವ ರಿಪೋರ್ಟಿಗೂ ಕಾಯಬೇಕಿಲ್ಲ. ಏಪ್ರಿಲ್ಲಿನಲ್ಲಿ ಮಣ್ಣು ತೆಗೆಯುವಾಗ ಮಗನನ್ನೂ ಜೊತೆಗೆ ಕರೆದುಕೊಳ್ಳಿ. ಪೊಟ್ಟಣಗಳನ್ನು ಶಿವಮೊಗ್ಗದ ನವುಲೆಯ ಕೃಷಿ ಕಾಲೇಜಿನ ಕಡೆ ಕೊಡುತ್ತೀರೋ, ಮೊದಲಿನ ಲ್ಯಾಬಿಗೇ ಕೊಡುತ್ತೀರೋ ನಿಮ್ಮಿಷ್ಟ. ಕೋಲು ಇಳಿಸಿದಾಗ ಸಿಕ್ಕ ಆಳವನ್ನು ಮಾತ್ರ ಈ ವಾರವೇ ನನಗೆ ಬರೆದು ತಿಳಿಸಿ.